ಹಳೇ ತಂತಿ ಕಾಗದಗಳು: ದಾವಣಗೆರೆ, ಚಿತ್ರದುರ್ಗ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಜ್ಜ ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಕಾಲದ ಕಾಗದವೆಲ್ಲಾ ಒಂದು ಉದ್ದ ಕಂಬಿಗೆ ಚುಚ್ಚಿಸಿಕೊಂಡು ಅಟ್ಟದ ಮೊಳೆಗೆ ನೇತಾಡುತ್ತಿತ್ತು. ಬಿಲ್ಲು, ರೈಲ್ವೆ ರಸೀದಿ, ಮಧ್ಯೆ ಮಧ್ಯೆ ಟೆಲಿಗ್ರಾಂ, ಅಂದರೆ ತಂತಿ. ತಂತಿಗೆ ಚುಚ್ಚಿದ ತಂತಿ ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಅಲ್ಲಿಂದ ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗ ಯಾರ ಮನೆಯ ಅಟ್ಟ ಗುಡಿಸಿದರೂ ನನಗೊಂದು ಫೋನು ಬರುತ್ತದೆ, ಜೊತೆಗೆ ಅದೇ ಪ್ರಶ್ನೆಗಳು. ಉತ್ತರ ಒಂದು ಕಡೆ ಬರೆದಿಟ್ಟರೆ ನನಗೂ ಸುಖ, ಅವರಿಗೂ ಸುಖ.

ಮನೆಯಲ್ಲಿ ಒಂದು ಹಳೇ ಟೆಲಿಗ್ರಾಂ ಸಿಕ್ಕಿದೆ. ಇದು ಅಪರೂಪದ್ದಾ?

ಮೊದಲು ಅದು ಯಾವ ಕಡೆಯ ಕಾಗದ ಅಂತ ನೋಡಿ. ಒಂದು ತಂತಿಗೆ ಎರಡು ತುದಿ ಇರುತ್ತಿತ್ತು. ಕಳಿಸುವವನು ಆಫೀಸಿಗೆ ಹೋಗಿ ಒಂದು ಫಾರಂ ತುಂಬಿ, ಸಹಿ ಮಾಡಿ, ದುಡ್ಡು ಕಟ್ಟುತ್ತಿದ್ದ. ಆ ಫಾರಂ ಅಲ್ಲೇ ಉಳಿಯುತ್ತಿತ್ತು. ಅವನ ಕೈಗೆ ಬರುತ್ತಿದ್ದದ್ದು ಒಂದು ರಸೀದಿ ಮಾತ್ರ. ಆ ಕಡೆ ಇನ್ನೊಂದು ಊರಿನಲ್ಲಿ ಸಿಗ್ನಲರ್, ಅಂದರೆ ತಂತಿ ಯಂತ್ರದ ಮುಂದೆ ಕೂತ ನೌಕರ, ಅದರ ಕಟ್ಟ ಕಡ ಸದ್ದು ಕೇಳಿಕೊಂಡು ಬೇರೆ ಫಾರಂ ಮೇಲೆ ಬರೆದುಕೊಳ್ಳುತ್ತಿದ್ದ. ಜವಾನ ತಂದು ಕೊಡುತ್ತಿದ್ದದ್ದು ಈ ಎರಡನೆಯದನ್ನು.

ನಿಮಗೆ ಸಿಕ್ಕಿರುವುದು ನೂರಕ್ಕೆ ತೊಂಬತ್ತು ಪಾಲು ತಲುಪಿದ ಕಡೆಯ ಕಾಗದ. ಕೆಟ್ಟದ್ದೇನಲ್ಲ. ಆದರೆ ಜನ ಜೋಪಾನ ಮಾಡಿದ್ದು ಅದನ್ನೇ, ಹಾಗಾಗಿ ಅದೇ ಜಾಸ್ತಿ ಉಳಿದಿದೆ. ಕಳಿಸಿದ ಕಡೆಯ ಫಾರಂಗಳನ್ನು ಇಲಾಖೆ ಸ್ವಲ್ಪ ಕಾಲ ಇಟ್ಟುಕೊಂಡು ಆಮೇಲೆ ನಾಶ ಮಾಡುತ್ತಿತ್ತು. ತಪ್ಪಿಸಿಕೊಂಡು ಹೊರಗೆ ಬಂದವು ಬೆರಳೆಣಿಕೆಯಷ್ಟು. ಹಾಗಾಗಿ 1940ರ ಒಂದು ಕಳಿಸಿದ ಫಾರಂ, 1915ರ ತಲುಪಿದ ಕಾಗದಕ್ಕಿಂತ ಅಪರೂಪ ಆಗಬಹುದು. ಇದನ್ನು ಎಷ್ಟು ಸಲ ಹೇಳಿದರೂ ಜನ ಇಸವಿಯನ್ನೇ ಕೇಳುತ್ತಾರೆ.

ಎರಡೂ ಒಂದೇ ಥರ ಕಾಣುತ್ತವಲ್ಲ. ವ್ಯತ್ಯಾಸ ಹೇಗೆ ತಿಳಿಯುವುದು?

ಸಹಿ ಮತ್ತು ಸ್ಟಾಂಪು ಹುಡುಕಿ. ಕಳಿಸುವ ಫಾರಂನಲ್ಲಿ ಕಳಿಸುವವನ ಸಹಿ, ವಿಳಾಸ ಇರುತ್ತದೆ. ಆ ಭಾಗವನ್ನು ತಂತಿಯಲ್ಲಿ ಕಳಿಸುವುದಿಲ್ಲ ಅಂತ ಅಚ್ಚಾಗಿರುತ್ತದೆ. ಶುಲ್ಕದ ಸ್ಟಾಂಪು ಅಂಟಿಸಿ ಮೊಹರು ಹೊಡೆದಿರುತ್ತಾರೆ. ಮೊಹರಿನಲ್ಲಿ ಕಳಿಸಿದ ಊರಿನ ಹೆಸರು.

ತಲುಪಿದ ಕಾಗದದ ತಲೆಯ ಮೇಲೆ ಒಂದು ಸಾಲು ಪುಟ್ಟ ಮನೆಗಳು: ಎಲ್ಲಿಂದ ಹೊರಟಿತು, ತಾರೀಖು, ಗಂಟೆ, ನಿಮಿಷ, ಎಷ್ಟು ಪದ. ಪಕ್ಕದಲ್ಲೇ ಇಲ್ಲಿ ಎಷ್ಟು ಹೊತ್ತಿಗೆ ಬಂತು ಅನ್ನುವುದಕ್ಕೂ ಜಾಗ. ಈ ತಂತಿಯ ಬಗ್ಗೆ ವಿಚಾರಿಸಬೇಕಾದರೆ ಈ ಫಾರಂ ತರಲೇಬೇಕು ಅನ್ನುವ ಇಂಗ್ಲಿಷ್ ಸಾಲೂ ಸಾಮಾನ್ಯವಾಗಿ ಇರುತ್ತದೆ. ಎಷ್ಟೋ ಮನೆಗಳಲ್ಲಿ ಈ ಕಾಗದ ಉಳಿಯಲು ಆ ಒಂದು ಸಾಲೇ ಕಾರಣ ಅಂತ ನನ್ನ ಗುಮಾನಿ. ಸರ್ಕಾರ ತರಬೇಕು ಅಂತ ಬರೆದದ್ದನ್ನು ನಮ್ಮ ಅಜ್ಜನಂಥವರು ಬಿಸಾಡುತ್ತಾರಾ?

ಅರ್ಧ ಕತ್ತರಿಸಿದ ರಾಣಿ ತಲೆಯ ಸ್ಟಾಂಪು ಸಿಕ್ಕಿದೆ. ಹರಿದುಹೋಗಿದೆ ಅಂತ ಎಸೆಯಲಾ?

ಅಯ್ಯೋ, ಎಸೆಯಬೇಡಿ! ಅದು ಹರಿದದ್ದಲ್ಲ, ಬೇಕೆಂದೇ ಕತ್ತರಿಸಿದ್ದು. ತಂತಿಗೇ ಅಂತ ಪ್ರತ್ಯೇಕ ಸ್ಟಾಂಪುಗಳು 1860ರಲ್ಲಿ ಬಂದವು. ಆಮೇಲೆ ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಿದ ಸ್ಟಾಂಪುಗಳಲ್ಲಿ ವಿಕ್ಟೋರಿಯಾ ರಾಣಿಯ ತಲೆ ಎರಡು ಸಲ ಇರುತ್ತದೆ, ಮೇಲೊಂದು ಕೆಳಗೊಂದು. ಮಧ್ಯಕ್ಕೆ ಕತ್ತರಿಸಿ ಮೇಲಿನ ಅರ್ಧ ರಸೀದಿಗೆ, ಕೆಳಗಿನ ಅರ್ಧ ಫಾರಂಗೆ. ಒಂದೇ ಸ್ಟಾಂಪು ಎರಡು ಕಡೆ ಲೆಕ್ಕ ಕೊಡಬೇಕು ಅನ್ನುವ ಉಪಾಯ.

ಈಗ ಮೇಲೆ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ರಸೀದಿ ಗಿರಾಕಿಯ ಜೇಬಿಗೆ ಹೋಯಿತು, ಫಾರಂ ಆಫೀಸಿನಲ್ಲಿ ನಾಶವಾಯಿತು. ಆದ್ದರಿಂದ ಮೇಲಿನ ಅರ್ಧಗಳು ಸಾಕಷ್ಟು ಸಿಗುತ್ತವೆ, ಕೆಳಗಿನ ಅರ್ಧ ಕಡಿಮೆ. ಕೆಳಗಿನ ಅರ್ಧ ಫಾರಂ ಸಮೇತ ಸಿಕ್ಕರೆ ದಯವಿಟ್ಟು ಅದನ್ನು ನೀರಲ್ಲಿ ನೆನೆಸಿ ಬಿಡಿಸಬೇಡಿ. ಸ್ಟಾಂಪು ಕೂಡಿಹಾಕುವವರಿಗೆ ಈ ಕೆಟ್ಟ ಚಾಳಿ ಇದೆ. ಫಾರಂನಿಂದ ಬಿಡಿಸಿದ ಗಳಿಗೆಯಲ್ಲೇ ಅದು ಇನ್ನೊಂದು ಅರ್ಧ ಸ್ಟಾಂಪು, ಅಷ್ಟೇ.

ಈ ಸರಣಿಯಲ್ಲಿ 14 ರೂಪಾಯಿ 4 ಆಣೆ, 28 ರೂಪಾಯಿ 8 ಆಣೆ ಅಂತ ವಿಚಿತ್ರ ಬೆಲೆಯವೂ ಇವೆ. ನೋಡಿ ನಕಲಿ ಅಂದುಕೊಳ್ಳಬೇಡಿ. ಏಳನೇ ಎಡ್ವರ್ಡ್ ಕಾಲದ ಮೇಲೆ ತಂತಿ ಸ್ಟಾಂಪುಗಳೇ ನಿಂತುಹೋದವು. ಆಮೇಲಿನ ಫಾರಂಗಳ ಮೇಲೆ ಮಾಮೂಲಿ ಅಂಚೆ ಚೀಟಿ ಇರುತ್ತದೆ.

ತಾರೀಖು ಇರುವ ಭಾಗವೇ ಹರಿದಿದೆ. ಯಾವ ಕಾಲದ್ದು ಅಂತ ಹೇಗೆ ಹೇಳುವುದು?

ಇದು ನನಗೆ ಇಷ್ಟದ ಕೆಲಸ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲು ತಲೆಬರಹ. ಬರೀ ಇಂಡಿಯನ್ ಟೆಲಿಗ್ರಾಫ್ ಅಂತ ಇದ್ದು ಪೋಸ್ಟ್ಸ್ ಅನ್ನುವ ಪದವೇ ಇಲ್ಲದಿದ್ದರೆ ಅದು ಹಳೆಯದು ಅನ್ನುವ ಸೂಚನೆ. 1914ರಲ್ಲಿ ಅಂಚೆ ಇಲಾಖೆ, ತಂತಿ ಇಲಾಖೆ ಎರಡೂ ಒಂದಾದವು. ಆಮೇಲೆ ಇಂಡಿಯನ್ ಪೋಸ್ಟ್ಸ್ ಅಂಡ್ ಟೆಲಿಗ್ರಾಫ್ಸ್ ಡಿಪಾರ್ಟ್‌ಮೆಂಟ್ ಅಂತ ಬಂತು. ಆದರೆ ಹಳೇ ಫಾರಂ ಮುಗಿಯುವ ತನಕ ಬಳಸುವುದು ಸರ್ಕಾರಿ ಆಫೀಸಿನ ಪದ್ಧತಿ, ಆಗಲೂ ಈಗಲೂ. ಹಾಗಾಗಿ ಒಂದೆರಡು ವರ್ಷ ಆಚೀಚೆ ಬಿಟ್ಟುಕೊಳ್ಳಿ.

ಆಮೇಲೆ ಕಾಗದದ ತಳ. ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರೆಸ್ಸಿನ ಗುರುತು ಇರುತ್ತದೆ. ಪ್ರೆಸ್ಸಿನ ಹೆಸರಿನ ಮೊದಲಕ್ಷರಗಳು, ಒಂದು ನಂಬರು, ಅಚ್ಚಾದ ದಿನ ಅಥವಾ ವರ್ಷ, ಎಷ್ಟು ಪ್ರತಿ ಅನ್ನುವುದು. ಎಲ್ಲಾ ಫಾರಂಗಳಲ್ಲೂ ಪೂರ್ತಿ ಇರುವುದಿಲ್ಲ, ಎಷ್ಟೋ ಸಲ ಅಂಚು ಕತ್ತರಿಸುವಾಗ ಅರ್ಧ ಹೋಗಿರುತ್ತದೆ. ಆದರೆ ಇದ್ದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅಚ್ಚಾಗುವ ಮೊದಲು ಯಾರೂ ಅದರ ಮೇಲೆ ಬರೆಯಲು ಸಾಧ್ಯವಿಲ್ಲ, ಅಲ್ವಾ? 1938ರಲ್ಲಿ ಅಚ್ಚಾದ ಫಾರಂ ಮೇಲೆ 1931ರ ತಾರೀಖು ಕಂಡರೆ ಮುಗಿಯಿತು, ಪುಸ್ತಕ ಮುಚ್ಚಿ.

ಸ್ಟಾಂಪಿನ ಮೇಲಿನ ರಾಜ ಯಾರು ನೋಡಿ. ಗಡ್ಡದ ಐದನೇ ಜಾರ್ಜ್ ನಮ್ಮ ಅಂಚೆ ಚೀಟಿಯ ಮೇಲೆ ಬಂದದ್ದು 1911ರಲ್ಲಿ, ಗಡ್ಡ ಇಲ್ಲದ ಆರನೇ ಜಾರ್ಜ್ 1937ರಲ್ಲಿ. ಏಳನೇ ಎಡ್ವರ್ಡ್‌ಗೂ ಗಡ್ಡ ಇದೆ, ಆದರೆ ತಲೆ ಬೋಳು.

ಬೇಡವಾದದ್ದನ್ನು ಬೇಗ ಪಕ್ಕಕ್ಕಿಡಲು ಕೆಲವು ಗುರುತುಗಳಿವೆ. ಅಶೋಕ ಸ್ತಂಭದ ಸಿಂಹ ಇದ್ದರೆ ಬ್ರಿಟಿಷರ ಕಾಲದ್ದಲ್ಲ. ಶುಲ್ಕ ಪೈಸೆಯಲ್ಲಿ ದಶಮಾನ ಲೆಕ್ಕದಲ್ಲಿದ್ದರೆ 1957ರ ಏಪ್ರಿಲ್ ನಂತರದ್ದು, ಅದಕ್ಕೆ ಮುಂಚೆ ರೂಪಾಯಿ-ಆಣೆ-ಪೈ. ಮೊಹರಿನಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ನಂತರದ್ದು. ಕರ್ನಾಟಕ ಅಂತ ರಾಜ್ಯದ ಹೆಸರಿದ್ದರೆ 1973ರ ನವೆಂಬರ್ ಆದಮೇಲಿನದು, ಅಲ್ಲಿಯವರೆಗೆ ಮೈಸೂರು. ದಾವಣಗೆರೆ ಜಿಲ್ಲೆ ಅಂತ ಇದ್ದರೆ 1997ರ ಆಗಸ್ಟ್ 15ಕ್ಕಿಂತ ಹಿಂದಕ್ಕೆ ಹೋಗಲಾರದು. ಅದಕ್ಕೆ ಮೊದಲು ನಮ್ಮೂರು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು.

ಕಾಗದದ ಬಣ್ಣ ನೋಡಿ ಕಾಲ ಹೇಳುವವರನ್ನು ನಂಬಬೇಡಿ. ಅಟ್ಟದ ಮೇಲೆ ಹೊಗೆ ಕುಡಿದ ಕಾಗದ ಯಾವ ಬಣ್ಣಕ್ಕೆ ಬೇಕಾದರೂ ತಿರುಗುತ್ತದೆ.

ಮೊಹರಿನಲ್ಲಿ ಚಿತ್ರದುರ್ಗ ಅಂತ ಎಲ್ಲೂ ಇಲ್ಲವಲ್ಲ?

ಇರುವುದಿಲ್ಲ. ಬ್ರಿಟಿಷರ ಬಾಯಲ್ಲಿ ಅದು ಚಿಟಲ್‌ಡ್ರೂಗ್. ಒಂದೊಂದು ಕಡೆ ಡ್ರೂಗ್, ಒಂದೊಂದು ಕಡೆ ಡ್ರುಗ್. ಓಬವ್ವ ಒನಕೆ ಹಿಡಿದ ಕೋಟೆಗೆ ಆ ಹೆಸರು ಕೇಳಿದರೆ ನನಗೆ ಈಗಲೂ ನಗು ಬರುತ್ತದೆ. ದಾವಣಗೆರೆಯ ಸ್ಪೆಲ್ಲಿಂಗಿನಲ್ಲಿ ಮಧ್ಯದ ಣ ಅಕ್ಷರದ ಸ್ವರ ನುಂಗಿ ದಾವಂಗೆರೆ ಅಂತ ಮಾಡಿರುತ್ತಾರೆ. ಹರಿಹರ ಒಂದು ಅಕ್ಷರ ಕಳೆದುಕೊಂಡು ಹರಿಹರ್.

ನೀವು ಆನ್‌ಲೈನ್ ಹರಾಜಿನಲ್ಲಿ ಹುಡುಕುವುದಾದರೆ ಈ ಹಳೇ ಸ್ಪೆಲ್ಲಿಂಗ್ ಎಲ್ಲಾ ಹಾಕಿ ಹುಡುಕಿ. ಮಾರುವವನಿಗೆ ಚಿಟಲ್‌ಡ್ರೂಗ್ ಅಂದರೆ ಚಿತ್ರದುರ್ಗ ಅಂತ ಗೊತ್ತೇ ಇರುವುದಿಲ್ಲ. ಅದು ನಿಮ್ಮ ಅದೃಷ್ಟ.

ವಿಕ್ಟೋರಿಯಾ ಕಾಲದ್ದು ನಮ್ಮ ಕಡೆ ಸಿಗುತ್ತಾ?

ಕಷ್ಟ. ಜನಸಾಮಾನ್ಯರಿಗೆ ತಂತಿ ತೆರೆದದ್ದು 1855ರಲ್ಲಿ. ಬೆಂಗಳೂರಿಗೆ ಆ ದಶಕದಲ್ಲೇ ಲೈನು ಬಂತು, ಅಲ್ಲಿ ಬ್ರಿಟಿಷ್ ಸೈನ್ಯದ ದಂಡು ಇತ್ತಲ್ಲ. ನಮ್ಮ ಕಡೆ ವ್ಯಾಪಾರದ ತಂತಿ ಜೋರಾದದ್ದು ರೈಲು ಬಂದ ಮೇಲೆ, ಅಂದರೆ 1880ರ ದಶಕದ ಕೊನೆಯಿಂದ ಈಚೆಗೆ. ಬಂದ ತಂತಿಗಳನ್ನು ಇಟ್ಟುಕೊಂಡವರು ಇನ್ನೂ ಕಡಿಮೆ. ನನ್ನ ಹತ್ತಿರ 1901ಕ್ಕಿಂತ ಹಿಂದಿನ, ನಮ್ಮ ಜಿಲ್ಲೆಯ ಮೊಹರಿರುವ ಪೂರ್ತಿ ಫಾರಂ ಒಂದೂ ಇಲ್ಲ. ಯಾರ ಹತ್ತಿರವಾದರೂ ಇದ್ದರೆ ತೋರಿಸಿ ಸಾಕು, ಕೊಡಬೇಕಾಗಿಲ್ಲ.

ಮೈಸೂರು ರಾಜರಿಗೆ ಸ್ವಂತ ಅಂಚೆ ಇತ್ತು. ಮೈಸೂರು ತಂತಿ ಫಾರಂ ಇದೆಯಾ?

ಮೈಸೂರು ಅಂಚೆ ಇತ್ತು, ನಿಜ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು ಬಂದದ್ದು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆದರೆ ತಂತಿ ಮೊದಲಿನಿಂದಲೂ ಬ್ರಿಟಿಷರ ಇಲಾಖೆಯದ್ದೇ. ಗಂಡಭೇರುಂಡ ಅಚ್ಚಾದ ಸಾರ್ವಜನಿಕ ತಂತಿ ಫಾರಂ ಅಂತ ಯಾರಾದರೂ ಮಾರಲು ಬಂದರೆ ಮೊದಲು ಕಾಫಿ ಕುಡಿಸಿ, ಆಮೇಲೆ ಕಳಿಸಿಬಿಡಿ.

ರೈಲ್ವೆ ತಂತಿ ಬೇರೇನಾ?

ಬೇರೆ. ರೈಲ್ವೆ ಕಂಪನಿಗಳಿಗೆ ತಮ್ಮದೇ ತಂತಿ ಕಂಬ, ತಮ್ಮದೇ ಫಾರಂ. ಗಾಡಿ ಓಡಿಸುವ ಕೆಲಸಕ್ಕೆ ಮುಖ್ಯವಾಗಿ, ಆದರೆ ಸ್ಟೇಷನ್ನಿನಲ್ಲಿ ಜನರ ತಂತಿಯನ್ನೂ ತಗೊಳ್ಳುತ್ತಿದ್ದರು. ನಮ್ಮ ಜಿಲ್ಲೆಗೆ ಇದು ದೊಡ್ಡ ಖಜಾನೆ, ಯಾಕೆಂದರೆ ಕಂಪನಿಯ ಹೆಸರೇ ಕಾಲ ಹೇಳುತ್ತದೆ. ಬೆಂಗಳೂರು–ಹರಿಹರ ಲೈನು ನಡೆಸುತ್ತಿದ್ದದ್ದು ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ಮೊಹರಿನಲ್ಲಿ ಬರೀ ಎಸ್.ಎಂ.ಆರ್. ಇದ್ದರೆ 1908ರ ಹಿಂದಿನದು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಎಂ. ಅಂಡ್ ಎಸ್.ಎಂ. ಇದ್ದರೆ ಆಮೇಲಿನದು.

ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಲೈನು ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಹಾಗಾಗಿ ದಾವಣಗೆರೆ ಸ್ಟೇಷನ್ನಿನ ಹಳೇ ರೈಲ್ವೆ ತಂತಿ ಸಿಕ್ಕಬಹುದು, ಚಿತ್ರದುರ್ಗ ಸ್ಟೇಷನ್ನಿನ ಅಷ್ಟೇ ಹಳೇದು ಸಿಗುವುದಿಲ್ಲ.

ಸಮಯ ಒಂಬತ್ತು ನಿಮಿಷ ವ್ಯತ್ಯಾಸ ಬರುತ್ತಿದೆ ಅಂತ ಒಬ್ಬರು ಹೇಳಿದರು. ಏನದು?

ಯಾರೋ ಒಳ್ಳೆಯ ಓದುಗರೇ ಹೇಳಿರಬೇಕು. 1906ರ ಜನವರಿ 1ಕ್ಕೆ ಈಗಿನ ಭಾರತೀಯ ಸಮಯ ಶುರುವಾಯಿತು. ಅದಕ್ಕೆ ಮುಂಚಿನ ಕಾಲದಲ್ಲಿ ರೈಲು ಮತ್ತು ತಂತಿ ಮದ್ರಾಸ್ ಟೈಮಿನಲ್ಲಿ ನಡೆಯುತ್ತಿದ್ದವು. ಅದು ಈಗಿನ ಗಡಿಯಾರಕ್ಕಿಂತ ಸುಮಾರು 9 ನಿಮಿಷ ಹಿಂದೆ. ಊರಿನವರು ತಮ್ಮ ಸೂರ್ಯನನ್ನು ನೋಡಿ ಬದುಕುತ್ತಿದ್ದರು, ಅದು ಮೂರನೇ ಲೆಕ್ಕ. ಆಗಿನ ಡೈರಿಯಲ್ಲಿ ಬರೆದ ಹೊತ್ತಿಗೂ ತಂತಿಯ ಹೊತ್ತಿಗೂ ತಾಳೆಯಾಗದಿದ್ದರೆ ಯಾರೂ ಸುಳ್ಳು ಹೇಳಿಲ್ಲ.

ಒಳಗಿನ ಪದಗಳು ಯಾವ ಭಾಷೆ? ಓದಲು ಆಗುತ್ತಿಲ್ಲ.

ವ್ಯಾಪಾರಿಯ ತಂತಿ ಆಗಿದ್ದರೆ ಅದು ಕೋಡು. ಪದಕ್ಕಿಷ್ಟು ಅಂತ ದುಡ್ಡು ಕೊಡಬೇಕಾದಾಗ ಯಾರು ತಾನೇ ವಾಕ್ಯ ಬರೆಯುತ್ತಾರೆ? ಒಂದು ಪದಕ್ಕೆ ಒಂದು ಇಡೀ ವಾಕ್ಯ ಅಂತ ಮೊದಲೇ ಗೊತ್ತು ಮಾಡಿಕೊಂಡ ಕೋಡ್ ಪುಸ್ತಕಗಳಿದ್ದವು. ಎ.ಬಿ.ಸಿ. ಕೋಡ್, 1906ರಲ್ಲಿ ಬಂದ ಬೆಂಟ್ಲಿ ಕೋಡ್ ಹೆಸರಾದವು. ಬೆಂಟ್ಲಿಯಲ್ಲಿ ಐದೈದು ಅಕ್ಷರದ ಪದಗಳು, ಎರಡನ್ನು ಅಂಟಿಸಿ ಹತ್ತಕ್ಷರದ ಒಂದೇ ಪದ ಅಂತ ಲೆಕ್ಕ ಕೊಡುತ್ತಿದ್ದರು. ಜಿಪುಣತನಕ್ಕೂ ಒಂದು ಕಲೆ ಬೇಕು! ಯಾವ ಕೋಡು ಅಂತ ತಿಳಿಯಬೇಕಾದರೆ ಅದೇ ಅಂಗಡಿಯ ಹಳೇ ಲೆಟರ್‌ಹೆಡ್ ಹುಡುಕಿ. ಮೂಲೆಯಲ್ಲಿ ಬಳಸುವ ಕೋಡುಗಳ ಹೆಸರು ಅಚ್ಚು ಹಾಕಿಸುವ ರೂಢಿ ಇತ್ತು.

ವಿಳಾಸವೂ ಹಾಗೇ. ದೊಡ್ಡ ಮಂಡಿಗಳು ಒಂದೇ ಪದದ ತಂತಿ ವಿಳಾಸವನ್ನು ಆಫೀಸಿನಲ್ಲಿ ನೋಂದಾಯಿಸಿಕೊಳ್ಳುತ್ತಿದ್ದವು. ಆ ಪದ, ಊರಿನ ಹೆಸರು, ಅಷ್ಟು ಬರೆದರೆ ತಂತಿ ಬಂದು ಮುಟ್ಟುತ್ತಿತ್ತು.

ನಮ್ಮ ಅಜ್ಜನ ಕಂಬಿಯಿಂದ ತೆಗೆದ ಒಂದನ್ನು ಮುಂದೆ ಇಟ್ಟುಕೊಂಡು ಹೇಳುತ್ತೇನೆ. ಬೊಂಬಾಯಿಯಿಂದ ಬಂದದ್ದು. ಹೊರಟದ್ದು 10 ಗಂಟೆ 40 ನಿಮಿಷ, ದಾವಣಗೆರೆಗೆ ಮುಟ್ಟಿದ್ದು 12 ಗಂಟೆ 5. ಒಳಗೆ ಮೂರೇ ಪದ. ಎರಡು ಕೋಡು, ಒಂದು ಇಂಗ್ಲಿಷಿನ ಸೆಲ್, ಅಂದರೆ ಮಾರು. ಕೆಳಗೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡ ಅಂಕಿಯಲ್ಲಿ ಒಂದು ಗುಣಾಕಾರ, ಅದರ ಕೆಳಗೆ ಅಡ್ಡಗೆರೆ ಎಳೆದು ಅಜ್ಜ ಬರೆದ ಒಂದು ಪದ: ಬೇಡ. ಧಣಿ ಮಾರಿದರೋ ಇಲ್ಲವೋ ಗೊತ್ತಿಲ್ಲ. ಕಾಗದದ ನಟ್ಟನಡುವೆ ಕಂಬಿ ತೂರಿದ ತೂತು, ಸುತ್ತ ತುಕ್ಕಿನ ಉಂಗುರ. ತೂತು ಇದ್ದರೆ ಬೆಲೆ ಕಡಿಮೆ ಅನ್ನುವ ವ್ಯಾಪಾರಿಗಳಿದ್ದಾರೆ. ನನಗೆ ಅದೇ ಹುಟ್ಟಿದ ಮನೆಯ ಗುರುತು.

ಕನ್ನಡದಲ್ಲಿ ಬರೆದ ತಂತಿ ಸಿಗುತ್ತಾ?

ಕನ್ನಡ ಲಿಪಿಯಲ್ಲಿ ಬ್ರಿಟಿಷರ ಕಾಲದ್ದು ಹುಡುಕಬೇಡಿ. ಇಲ್ಲಿ ಬಳಸುತ್ತಿದ್ದ ಮೋರ್ಸ್ ಲಿಪಿಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಪದ ತುರುಕಿದ ತಂತಿಗಳು ಅಪರೂಪಕ್ಕೆ ಕಣ್ಣಿಗೆ ಬೀಳುತ್ತವೆ, ಕಂಡರೆ ಬಿಡಬೇಡಿ. ಹೆಚ್ಚಿನವರು ಊರಿನ ಮೇಷ್ಟರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗುತ್ತಿದ್ದರು. ಬಂದ ತಂತಿ ಓದಿಸಲೂ ಅದೇ ಮೇಷ್ಟರು.

ಸಾವಿನ ತಂತಿ ಮನೆಯಲ್ಲಿ ಇಟ್ಟುಕೊಳ್ಳಬಹುದಾ? ಅಮ್ಮ ಬೇಡ ಅನ್ನುತ್ತಾರೆ.

ಅಮ್ಮನ ಮಾತನ್ನು ತಳ್ಳಿಹಾಕಲಾರೆ. ತಂತಿ ಬಂತು ಅಂದರೆ ಓದುವ ಮೊದಲೇ ಅಳು ಶುರುವಾಗುತ್ತಿದ್ದ ಕಾಲ ಅದು. ಸಾವಿನ ಕಾಗದ ಓದಿ ಹರಿದುಹಾಕು, ಒಳಗೆ ತರಬೇಡ ಅನ್ನುವುದು ನಮ್ಮ ಕಡೆ ಹಳೇ ಪದ್ಧತಿ. ಅದರಿಂದಲೇ ಸಂಗ್ರಹಗಳಲ್ಲಿ ಹತ್ತಿ, ಶೇಂಗಾ, ಕೋರ್ಟು ಕಚೇರಿಯ ತಂತಿ ಜಾಸ್ತಿ, ಮನೆಯ ದುಃಖದ್ದು ಕಡಿಮೆ. ನನ್ನ ಹತ್ತಿರ ಇರುವ ಎರಡನ್ನು ಅಂಗಡಿಯ ಬೀರುವಿನಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ಜಗಳ ಯಾಕೆ?

ನಕಲಿ ತಂತಿಗಳಿವೆಯಾ? ನೀವು ಮೋಸ ಹೋಗಿದ್ದೀರಾ?

ಚೆನ್ನಾಗಿ ಹೋಗಿದ್ದೇನೆ. ಬೇರೆ ಊರಿನ ಒಂದು ಭಾನುವಾರದ ಸಂತೆಯಲ್ಲಿ 1911ರ ದೆಹಲಿ ದರ್ಬಾರಿನ ಕಾಲದ ತಂತಿ ಅಂತ ಒಂದನ್ನು ಕೊಂಡೆ. ಕಂದು ಬಣ್ಣ, ಮಡಿಕೆ ಗುರುತು, ಮೊಹರು, ಎಲ್ಲಾ ಇತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೆಗೆದು ತೆಗೆದು ನೋಡಿದೆ. ಮನೆಗೆ ಬಂದು ನೋಟು ಪರೀಕ್ಷೆ ಮಾಡುವ ನೇರಳಾತೀತ ಟಾರ್ಚು ಬಿಟ್ಟರೆ ಕಾಗದ ಮದುವೆ ಮನೆ ಸೀರಿಯಲ್ ಸೆಟ್ಟಿನಂತೆ ನೀಲಿಯಾಗಿ ಮಿಂಚಿತು. ಬಟ್ಟೆ ಸೋಪಿನಲ್ಲಿ ಬೆಳ್ಳಗೆ ಕಾಣಿಸಲು ಹಾಕುವ ಥರದ್ದೇ ರಾಸಾಯನಿಕವನ್ನು ಕಾಗದಕ್ಕೂ ಹಾಕುತ್ತಾರೆ. ಅದು ರೂಢಿಗೆ ಬಂದದ್ದು 1950ರ ಸುಮಾರಿಗೆ. 1911ರ ಕಾಗದ ಮಂಕಾಗಿ ಇರಬೇಕಿತ್ತು. ಮಾರಿದವನನ್ನು ಮುಂದಿನ ಭಾನುವಾರ ಹುಡುಕಿದೆ, ಆ ಜಾಗದಲ್ಲಿ ಪೇರಲೆ ಹಣ್ಣು ಮಾರುತ್ತಿದ್ದರು.

ಆವತ್ತಿನಿಂದ ನನ್ನ ಪರೀಕ್ಷೆ ಹೀಗೆ. ಮೊದಲು ಟಾರ್ಚು. ಮಿಂಚಿದರೆ ಅಲ್ಲಿಗೇ ಬಿಟ್ಟೆ. ಆಮೇಲೆ ಹಿಂಬದಿಯನ್ನು ಬೆರಳಿನಿಂದ ಸವರುತ್ತೇನೆ. ಅಚ್ಚುಮೊಳೆ ಜೋಡಿಸಿ ಒತ್ತಿ ಅಚ್ಚು ಹಾಕಿದ್ದರೆ ಸಣ್ಣಗೆ ಉಬ್ಬು ಸಿಗುತ್ತದೆ. ಭೂತಗನ್ನಡಿಯಲ್ಲಿ ಬಣ್ಣ ಬಣ್ಣದ ಚುಕ್ಕಿ ಕಂಡರೆ ಅದು ಕಂಪ್ಯೂಟರ್ ಪ್ರಿಂಟು. ಕಾಗದ ತಾನಾಗಿ ಹಳೆಯದಾದರೆ ಅಂಚು ಮತ್ತು ಮಡಿಕೆಯಲ್ಲಿ ಜಾಸ್ತಿ ಕಂದಾಗುತ್ತದೆ. ಟೀ ನೀರಲ್ಲಿ ಅದ್ದಿದ್ದು ಎಲ್ಲಾ ಕಡೆ ಒಂದೇ ಸಮ.

ಕೊನೆಗೆ ಪದ ಎಣಿಸುತ್ತೇನೆ. ಇದನ್ನು ಯಾರೂ ಮಾಡುವುದಿಲ್ಲ. ಮೇಲಿನ ಮನೆಯಲ್ಲಿ ಇಂತಿಷ್ಟು ಪದ ಅಂತ ಬರೆದಿರುತ್ತದಲ್ಲ, ವಿಳಾಸವನ್ನೂ ಸೇರಿಸಿ ಎಣಿಸಿದರೆ ಹೆಚ್ಚುಕಡಿಮೆ ತಾಳೆಯಾಗಬೇಕು. ಪದ ಅಂದರೆ ದುಡ್ಡು, ಗುಮಾಸ್ತ ಸುಮ್ನೆ ಅಂಕಿ ಬರೆಯುತ್ತಿರಲಿಲ್ಲ. ನನ್ನ ದರ್ಬಾರ್ ತಂತಿಯಲ್ಲಿ 12 ಅಂತ ಇತ್ತು, ಎಣಿಸಿದರೆ 31. ಪ್ರತಿ ವಾಕ್ಯಕ್ಕೂ ಸ್ಟಾಪ್ ಅಂತ ಬೇರೆ ಹಾಕಿದ್ದ. ಸಿನಿಮಾ ನೋಡಿ ಮಾಡಿದ್ದು. ಸ್ಟಾಪ್ ಕೂಡ ಒಂದು ಪದ ಸ್ವಾಮಿ, ಅದಕ್ಕೂ ಕಾಸು ಕೊಡಬೇಕು. ನಮ್ಮ ಮಂಡಿಯವರು ಕೊಡುತ್ತಿದ್ದರಾ?

ಅಕ್ಷರ ಕೆಲವು ಕಡೆ ನೇರಳೆ ಬಣ್ಣಕ್ಕೆ ತಿರುಗಿದೆ. ಒರೆಸಬಹುದಾ?

ಮುಟ್ಟಬೇಡಿ. ಅದು ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಮಾಮೂಲಿ ಸೀಸದಕಡ್ಡಿಯಂತೆ ಬೂದು, ನೀರು ತಾಗಿದರೆ ನೇರಳೆ ಶಾಯಿ. ಒಂದು ಹನಿ ಬೆವರು ಸಾಕು. ಬೇಸಿಗೆಯಲ್ಲಿ ಚಿತ್ರದುರ್ಗದ ಬಿಸಿಲಿಗೆ ಕೈ ಒದ್ದೆಯಾಗಿರುತ್ತದೆ, ಒರೆಸಿಕೊಂಡು ಹಿಡಿಯಿರಿ.

ಹೇಗೆ ಜೋಪಾನ ಮಾಡುವುದು? ಲ್ಯಾಮಿನೇಷನ್ ಮಾಡಿಸಲಾ?

ಬೇಡ, ಬೇಡ, ಬೇಡ. ಒಂದು ಕಾಲದಲ್ಲಿ ನಾನೇ ಮಾಡಿಸಿದ್ದೆ. ಬಿಸಿಗೆ ಕಾಗದ ಸುಕ್ಕಾಯಿತು, ಸ್ಟಾಂಪಿನ ಬಣ್ಣ ಹೋಯಿತು, ಈಗ ಬಿಡಿಸಲೂ ಆಗುವುದಿಲ್ಲ. ಸೆಲ್ಲೋಟೇಪೂ ಬೇಡ, ಅಂಟು ಕೆಲವೇ ವರ್ಷಕ್ಕೆ ಕಂದಾಗಿ ಒಳಕ್ಕಿಳಿಯುತ್ತದೆ. ಗುಂಡುಪಿನ್ನು ಇದ್ದರೆ ನಿಧಾನಕ್ಕೆ ತೆಗೆಯಿರಿ.

ಪಾಲಿಯೆಸ್ಟರ್ ಕವರಿನಲ್ಲಿ ಬಿಡಿಸಿ ಇಡಿ. ಮೂಗಿಗೆ ಪ್ಲಾಸ್ಟಿಕ್ ವಾಸನೆ ಬಡಿಯುವ ಪಿವಿಸಿ ಕವರು ಬೇಡ. ಮಡಿಸಿ ಇಟ್ಟರೆ ಮಡಿಕೆಯಲ್ಲೇ ಮುರಿಯುತ್ತದೆ. ನಮ್ಮ ಕಡೆ ಹವೆ ಒಣಗಿರುವುದರಿಂದ ಕರಾವಳಿಯವರಷ್ಟು ಬೂಷ್ಟಿನ ಕಾಟ ಇಲ್ಲ. ನಮಗೆ ಶತ್ರು ಬೆಳ್ಳಿಮೀನು ಹುಳ ಮತ್ತು ಗೆದ್ದಲು. ಗೋಡೆಗೆ ತಾಗಿಸಿ ಬೀರು ಇಡಬೇಡಿ.

ಬೆಲೆ ಎಷ್ಟು ಬರಬಹುದು?

ಫೋಟೋ ನೋಡಿ ಬೆಲೆ ಹೇಳುವುದಿಲ್ಲ. ಮಾಮೂಲಿ ತಲುಪಿದ ಕಾಗದಕ್ಕೆ ದೊಡ್ಡ ದುಡ್ಡೇನೂ ಬರುವುದಿಲ್ಲ, ಮನೆ ಕಟ್ಟುವ ಆಸೆ ಬೇಡ.

ವಿದೇಶದವರು ಕೇಳುತ್ತಿದ್ದಾರೆ, ಕಳಿಸಲಾ?

ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಐತಿಹಾಸಿಕ ಮಹತ್ವದ ದಾಖಲೆಗೆ 75 ವರ್ಷ ತುಂಬಿದರೆ ಅದು ಪುರಾತನ ವಸ್ತು. ಬೇರೆ ವಸ್ತುಗಳಿಗೆ 100 ವರ್ಷ, ಕಾಗದಪತ್ರಕ್ಕೆ 75. ಅದನ್ನು ಖಾಸಗಿಯವರು ದೇಶದ ಆಚೆ ಕಳಿಸುವಂತಿಲ್ಲ. ನಿಮ್ಮದು ಆ ಮಹತ್ವದ್ದೋ ಅಲ್ಲವೋ ಅಂತ ಪುರಾತತ್ವ ಇಲಾಖೆಯಲ್ಲಿ ಕೇಳಿ ಆಮೇಲೆ ಹೆಜ್ಜೆ ಇಡಿ. ಹಾಗೇ ಸರ್ಕಾರಿ ಫೈಲಿನಿಂದ ಕಿತ್ತು ತಂದಂತೆ ಕಾಣುವ ಕಾಗದವನ್ನು ಕೊಳ್ಳಲೇಬೇಡಿ.

2013ರಲ್ಲಿ ತಂತಿ ಸೇವೆ ನಿಂತಾಗಿನ ಕೊನೆಯ ದಿನದ ತಂತಿ ಇದೆ. ಅದು ಅಪರೂಪವಲ್ವಾ?

2013ರ ಜುಲೈ 14ರಂದು ದೇಶದ ತುಂಬಾ ಜನ ಸಾಲು ನಿಂತು ತಮಗೆ ತಾವೇ ತಂತಿ ಕಳಿಸಿಕೊಂಡರು. ಎಲ್ಲರೂ ಜೋಪಾನವಾಗಿಯೂ ಇಟ್ಟಿದ್ದಾರೆ. ನನ್ನ ಹತ್ತಿರವೂ ಇದೆ.

ಎಲ್ಲಿ ಹುಡುಕಬೇಕು?

ಹಳೇ ಮಂಡಿ ಮನೆತನಗಳಲ್ಲಿ. ದಾವಣಗೆರೆ ಮಂಡಿಪೇಟೆ ಕಡೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಹತ್ತಿರ, ವಕೀಲರ ಹಳೇ ಕಟ್ಟುಗಳಲ್ಲಿ. ಹಿರಿಯೂರು ಕಡೆಯಾದರೆ ವಾಣಿವಿಲಾಸ ಸಾಗರ ಕಟ್ಟಿದ ಕಾಲದ, ಅಂದರೆ 1898ರಿಂದ 1907ರ ನಡುವಿನ ಗುತ್ತಿಗೆದಾರರ ಕಾಗದಪತ್ರ ಯಾರ ಮನೆಯಲ್ಲಾದರೂ ಉಳಿದಿದೆಯಾ ಅಂತ ನಾನು ಈಗಲೂ ಕೇಳುತ್ತಲೇ ಇದ್ದೇನೆ. ಗುಜರಿ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳಿ. ಪೇಪರ್ ಕೆ.ಜಿ. ಲೆಕ್ಕದಲ್ಲಿ ಹೋಗುವ ಮೊದಲು ಒಂದು ಸಲ ಕರೆಯಲಿ ಅಂತ ನಂಬರು ಕೊಟ್ಟು ಬನ್ನಿ. ಕೈಯಲ್ಲಿ ಒಂದು ಪ್ಲೇಟು ಮಂಡಕ್ಕಿ ಮಿರ್ಚಿ ಇದ್ದರೆ ಕೆಲಸ ಬೇಗ ಆಗುತ್ತದೆ.

ನಮ್ಮ ತಾತನ ಕಂಬಿ ಕಟ್ಟು ಹಾಗೇ ಇದೆ. ಟೆಲಿಗ್ರಾಂ ಮಾತ್ರ ಕಿತ್ತುಕೊಳ್ಳಲಾ?

ಕಿತ್ತುಕೊಳ್ಳಬೇಡಿ. ಕಂಬಿಯ ಬುಡದಲ್ಲಿ ಇರುವುದು ಎಲ್ಲಕ್ಕಿಂತ ಹಳೆಯದು, ಮೇಲಕ್ಕೆ ಬಂದಂತೆ ಹೊಸದು. ತಾರೀಖಿಲ್ಲದ ತಂತಿಯ ಕೆಳಗಿನ ಬಿಲ್ಲಿಗೂ ಮೇಲಿನ ರಸೀದಿಗೂ ತಾರೀಖು ಇದ್ದೇ ಇರುತ್ತದೆ. ಕೋಡಿನ ಅರ್ಥವೂ ಪಕ್ಕದ ಬಿಲ್ಲಿನಲ್ಲೇ ಸಿಗಬಹುದು: ತಂತಿ ಬಂದ ಮಾರನೇ ದಿನ ಎಷ್ಟು ಬೇಲು ಹೋಯಿತು, ಯಾವ ದರಕ್ಕೆ ಅಂತ. ನಾನು ಇಪ್ಪತ್ತರ ಹರೆಯದಲ್ಲಿ ಅಜ್ಜನ ಕಟ್ಟಿನಿಂದ ಟೆಲಿಗ್ರಾಂ ಮಾತ್ರ ಎಳೆದುಕೊಂಡು ಉಳಿದದ್ದನ್ನು ಬಚ್ಚಲ ಒಲೆಗೆ ಹಾಕಿದೆ. ಆ ಎರಡು ಕೋಡು ಪದ ಏನು ಅಂತ ಇವತ್ತಿಗೂ ತಿಳಿದಿಲ್ಲ.

ಮೊದಲು ಇಡೀ ಕಟ್ಟಿನ ಒಂದು ಫೋಟೋ ತೆಗೆಯಿರಿ. ಆಮೇಲೆ ಕಟಿಂಗ್ ಪ್ಲೇಯರ್ ತಗೊಂಡು ಮೇಲಿನ ಕೊಕ್ಕೆಯನ್ನು ಕತ್ತರಿಸಿ, ಕಂಬಿಯ ತುಕ್ಕನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದೊಂದೇ ಕಾಗದವನ್ನು ಎರಡೂ ಕೈಯಲ್ಲಿ ಮೇಲಕ್ಕೆ ಜಾರಿಸಿ. ಪ್ರತಿಯೊಂದರ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್ಲಿನಿಂದ ಕ್ರಮವಾಗಿ ನಂಬರು ಹಾಕುತ್ತಾ ಹೋಗಿ. ಫ್ಯಾನು ಆರಿಸಿರಲಿ.